ಹದಿನಾಲ್ಕು ದಿನ, ಯಾವ ತುದಿಯಿಂದ?

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ಮದುವೆಯಾಗಿ ಎರಡು ವರ್ಷವಾಯಿತು. ಹೆಂಡತಿಗೆ 29. ಮುಟ್ಟು 34ರಿಂದ 36 ದಿನಕ್ಕೊಮ್ಮೆ ಬರುತ್ತದೆ. 21ನೇ ದಿನ ರಕ್ತ ಕೊಟ್ಟೆವು, ಪ್ರೊಜೆಸ್ಟರಾನ್ 0.7 ಬಂತು. ಮೊಟ್ಟೆ ಬಿಡುಗಡೆ ಆಗುತ್ತಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸ್ಕ್ಯಾನಿಂಗ್ ಎಲ್ಲ ಸರಿಯಿದೆ. 14ನೇ ದಿನವನ್ನಂತೂ ಒಂದು ತಿಂಗಳೂ ತಪ್ಪಿಸಿಲ್ಲ. ರಿಪೋರ್ಟನ್ನು ಕಣ್ಣು ಮುಚ್ಚಿ ನಂಬಬೇಡಿ ಎಂದು ನೀವು ಆಗಾಗ ಬರೆಯುತ್ತೀರಿ. ಹಾಗಾದರೆ ಡಾಕ್ಟರು ಹೇಳಿದ್ದು ಸುಳ್ಳೇ?"

ರಿಪೋರ್ಟು ಸುಳ್ಳಲ್ಲ. ಪ್ರೊಜೆಸ್ಟರಾನ್ ಎಂಬುದು ಮೊಟ್ಟೆ ಬಿಡುಗಡೆಯಾದ ಮೇಲೆ ಏರುವ, ವಾರದ ಹೊತ್ತಿಗೆ ತುದಿ ಮುಟ್ಟುವ ಹಾರ್ಮೋನು. ರಕ್ತ ತೆಗೆದ ಹೊತ್ತಿಗೆ ಮೊಟ್ಟೆ ಬಿಡುಗಡೆಯಾಗಿರಲಿಲ್ಲ, ಅಥವಾ ಆಗ ತಾನೇ ಆಗುತ್ತಿತ್ತು ಎಂಬುದನ್ನು 0.7 ಸರಿಯಾಗಿಯೇ ಹೇಳುತ್ತಿದೆ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ 21ನೇ ದಿನದ ಪರೀಕ್ಷೆ ಹೇಳಿ ಮಾಡಿಸಿದಂಥದ್ದು. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ವೈದ್ಯರು ರೂಢಿಯ ದಿನವನ್ನೇ ಚೀಟಿಯಲ್ಲಿ ಬರೆದರೆ ಅದೇನು ಅಪರಾಧವೂ ಅಲ್ಲ. ಆದರೆ ನಿಮ್ಮ ಮನೆಯವರದು 35 ದಿನದ ತಿಂಗಳು. ಅಲ್ಲಿ 21ನೇ ದಿನ ಎಂದರೆ ಹೆಚ್ಚುಕಡಿಮೆ ಮೊಟ್ಟೆ ಹೊರಬೀಳುವ ದಿನವೇ. ಸಸಿ ನೆಟ್ಟ ದಿನವೇ ಕಾಯಿ ಹುಡುಕಿದ ಹಾಗಾಯಿತು.

ಮೊಟ್ಟೆ ಬಿಡುಗಡೆ 14ನೇ ದಿನ ಎನ್ನುತ್ತಾರಲ್ಲ, ಈ ಹದಿನಾಲ್ಕರ ಹುಟ್ಟನ್ನು ನೋಡಿ. ಜಪಾನಿನ ನೀಗಾಟದ ಸ್ತ್ರೀರೋಗ ವೈದ್ಯ ಕ್ಯುಸಾಕು ಒಗಿನೊ, ಹೊಟ್ಟೆಯ ಶಸ್ತ್ರಚಿಕಿತ್ಸೆಗಳಲ್ಲಿ ಅಂಡಾಶಯವನ್ನು ಕಣ್ಣಾರೆ ನೋಡಿ, ಅದನ್ನು ಅದೇ ಹೆಂಗಸರ ಮುಟ್ಟಿನ ದಿನಾಂಕಗಳ ಜೊತೆ ತಾಳೆ ಹಾಕಿದರು. ಅಲ್ಲಿಯವರೆಗೆ ವೈದ್ಯರು ಕಳೆದ ಮುಟ್ಟಿನಿಂದ ಮುಂದಕ್ಕೆ ಎಣಿಸುತ್ತಿದ್ದರು. ಒಗಿನೊ 1924ರಲ್ಲಿ ಅದನ್ನು ತಿರುಗಿಸಿಟ್ಟರು: ಬರಲಿರುವ ಮುಟ್ಟಿಗೆ 12ರಿಂದ 16 ದಿನ ಮೊದಲು ಮೊಟ್ಟೆ ಬಿಡುಗಡೆಯಾಗುತ್ತದೆ. ಕೆಲವು ವರ್ಷಗಳ ನಂತರ ಆಸ್ಟ್ರಿಯಾದ ಹೆರ್ಮನ್ ಕ್ನೌಸ್ ಬೇರೆಯೇ ದಾರಿಯಲ್ಲಿ ಹೋಗಿ ಅಲ್ಲಿಗೇ ಬಂದು ನಿಂತರು. ಅಂದರೆ ಹದಿನಾಲ್ಕು ಹುಟ್ಟಿದ್ದೇ ಹಿಮ್ಮುಖ ಎಣಿಕೆಯಾಗಿ. 28ರಲ್ಲಿ 14 ಕಳೆದರೂ 14 ಉಳಿಯುತ್ತದಲ್ಲ, ಆ ಕಾಕತಾಳೀಯದಿಂದ ಲೆಕ್ಕ ಯಾವಾಗ ಬುಡಮೇಲಾಯಿತೋ ಯಾರ ಗಮನಕ್ಕೂ ಬರಲಿಲ್ಲ. ತಮ್ಮ ಲೆಕ್ಕವನ್ನು ಗರ್ಭ ತಡೆಯಲು ನೆಚ್ಚಿಕೊಳ್ಳಬೇಡಿ ಎಂದು ಒಗಿನೊ ಸ್ವತಃ ವಿರೋಧಿಸಿದರೂ ಜನ ಕೇಳಲಿಲ್ಲ. ಫ್ರಾನ್ಸಿನಲ್ಲಿ ಹಾಗೆ ಲೆಕ್ಕ ತಪ್ಪಿ ಹುಟ್ಟಿದ ಮಕ್ಕಳಿಗೆ 'ಒಗಿನೊ ಕೂಸು' ಎಂಬ ಅಡ್ಡಹೆಸರೇ ಬಿತ್ತು.

ಹಿಂದಿನಿಂದ ಎಣಿಸಿದರೆ ಲೆಕ್ಕ ಕೂಡುವುದೇಕೆ? ನಮ್ಮ ಊರಿನ ಖಾಸಗಿ ಬಸ್ಸನ್ನು ನೆನೆಸಿಕೊಳ್ಳಿ. ಸ್ಟ್ಯಾಂಡಿನಲ್ಲಿ ಸೀಟು ತುಂಬುವವರೆಗೆ ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾಗದು. ಹೊರಟ ಮೇಲೆ ಮಾತ್ರ ಇಷ್ಟು ಹೊತ್ತಿಗೆ ತಲುಪುತ್ತದೆ ಎನ್ನಬಹುದು. ತಿಂಗಳ ಮೊದಲರ್ಧ ಆ ನಿಲ್ಲುವ ಹೊತ್ತು. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಒಂದರಿಂದ ಒಂದೂವರೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಹಾರ್ಮೋನನ್ನು ಚಿಮ್ಮಿಸುತ್ತದೆ. ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಅದಕ್ಕೆ ಓಗೊಟ್ಟು ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಹಾರ್ಮೋನುಗಳನ್ನು ಕಳಿಸುತ್ತದೆ. ಅಂಡಾಶಯದಲ್ಲಿ ಮೊಟ್ಟೆಯನ್ನು ಹೊತ್ತ ನೀರಗುಳ್ಳೆಗಳಾದ ಫಾಲಿಕಲ್ಲುಗಳಲ್ಲಿ ಒಂದು ಮುಂದೆ ಬಂದು ದಿನಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತ ಈಸ್ಟ್ರೊಜೆನ್ ಸುರಿಸುತ್ತದೆ. ಆ ಈಸ್ಟ್ರೊಜೆನ್ ಮಿ.ಲೀ.ಗೆ 200 ಪಿಕೊಗ್ರಾಂ ದಾಟಿ ಎರಡು ದಿನ ಹಾಗೇ ನಿಂತರೆ ಮಾತ್ರ ಎಲ್‌ಎಚ್ ಉಕ್ಕುತ್ತದೆ. ಉಕ್ಕು ಶುರುವಾದ ಸುಮಾರು 36 ಗಂಟೆಗೆ 20 ಮಿ.ಮೀ. ಆಸುಪಾಸಿನ ಫಾಲಿಕಲ್ ಒಡೆಯುತ್ತದೆ. ಜ್ವರ, ನಿದ್ದೆಗೇಡು, ತೂಕದ ಏರಿಳಿತ ಇವೆಲ್ಲ ತಡಮಾಡುವುದು ಈ ಅರ್ಧದಲ್ಲೇ.

ಆ ಚಿಮ್ಮುವಿಕೆಯ ಲಯ ಎಷ್ಟು ಸೂಕ್ಷ್ಮವೆಂದರೆ, ಅಮೆರಿಕದ ವಿಜ್ಞಾನಿ ಅರ್ನ್ಸ್ಟ್ ನೋಬಿಲ್ 1970ರ ದಶಕದಲ್ಲಿ ರೀಸಸ್ ಕೋತಿಗಳಿಗೆ ಇದೇ ಹಾರ್ಮೋನನ್ನು ಗಂಟೆಗೊಂದು ಸಲ ಕೊಟ್ಟಾಗ ಪಿಟ್ಯುಟರಿ ಕೆಲಸ ಮಾಡಿತು, ಡ್ರಿಪ್‌ನಂತೆ ಬಿಡದೆ ಹರಿಸಿದಾಗ ಕೆಲಸ ನಿಲ್ಲಿಸಿಬಿಟ್ಟಿತು. ಹಾರ್ಮೋನು ಅದೇ, ಕೊಟ್ಟ ರೀತಿ ಬೇರೆ.

ಒಡೆದ ಫಾಲಿಕಲ್ಲೇ ಹಳದಿ ಗಂಟಾಗಿ, ಕಾರ್ಪಸ್ ಲೂಟಿಯಂ ಎನಿಸಿಕೊಂಡು ಪ್ರೊಜೆಸ್ಟರಾನ್ ಕೊಡುತ್ತದೆ. ಗರ್ಭ ನಿಲ್ಲದಿದ್ದರೆ ಅದರ ಆಯಸ್ಸು ಎರಡು ವಾರ. ಅದು ಬಾಡಿದಾಗ ಮುಟ್ಟು. 2019ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಲೆಕ್ಕಹಾಕಿದ ಅಧ್ಯಯನದಲ್ಲಿ ಸರಾಸರಿ ಚಕ್ರ 29.3 ದಿನ, ಮೊದಲರ್ಧ 16.9, ಎರಡನೆಯದು 12.4. ಹಾಗಾಗಿ ಹಿಂದಿನಿಂದ ಎಣಿಸಿದ ಹದಿನಾಲ್ಕೂ ಶಿಲಾಶಾಸನವಲ್ಲ, ಎರಡು ದಿನ ಆಚೀಚೆ ಆಗುತ್ತದೆ. ಮುಂದಿನಿಂದ ಎಣಿಸಿದ್ದಕ್ಕಿಂತ ಸಾವಿರ ಪಾಲು ಮೇಲು. ಅಂದಹಾಗೆ 24ರಿಂದ 38 ದಿನದ ಚಕ್ರ ಸಹಜವೆಂದೇ ಲೆಕ್ಕ. ನಿಮ್ಮ ಮನೆಯವರಿಗೆ 35 ರೋಗವಲ್ಲ.

ಈಗ ನಿಮ್ಮ 14ನೇ ದಿನದ ನಿಷ್ಠೆ. ಪುರುಷನ ವೀರ್ಯಾಣು ಒಳಗೆ ಐದು ದಿನ ಬದುಕಬಹುದು, ಮೊಟ್ಟೆ ಒಂದು ದಿನವೂ ಸರಿಯಾಗಿ ಬದುಕದು. ಅಮೆರಿಕದ ವಿಲ್‌ಕಾಕ್ಸ್ ಮತ್ತು ಜೊತೆಗಾರರು 1995ರಲ್ಲಿ 221 ಹೆಂಗಸರ ಅಧ್ಯಯನದಿಂದ ತೋರಿಸಿದ್ದು ಇದನ್ನೇ: ಗರ್ಭ ನಿಲ್ಲುವುದು ಮೊಟ್ಟೆ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ, ಮರುದಿನಕ್ಕೆ ಬಾಗಿಲು ಮುಚ್ಚಿರುತ್ತದೆ. 35ರಲ್ಲಿ 14 ಕಳೆದರೆ 21, ಚಕ್ರ 34ರಿಂದ 36ರವರೆಗೆ ಒಂದು ದಿನ ಆಚೀಚೆ ಆಗುವುದನ್ನು ಹಿಡಿದರೆ ನಿಮ್ಮ ದಿನಗಳು 15ರಿಂದ 22. ದಿನ ಬಿಟ್ಟು ದಿನ ಸಾಕು. ಎರಡು ವರ್ಷ ನೀವು ಬಾಗಿಲು ತೆರೆಯುವ ಮುನ್ನಾದಿನ ಹೋಗಿ ತಟ್ಟಿ ಬಂದಿದ್ದೀರಿ.

ಮೆಡಿಕಲ್ ಶಾಪಿನಲ್ಲಿ ಸಿಗುವ, ಮೂತ್ರದಲ್ಲಿ ಆ ಉಕ್ಕುವಿಕೆಯನ್ನು ತೋರಿಸುವ ಎಲ್‌ಎಚ್ ಕಿಟ್ ತರುವುದಾದರೆ 17ನೇ ದಿನದಿಂದ ಶುರುಮಾಡಿ. ದಿನವೂ ಒಂದೇ ಹೊತ್ತಿಗೆ, ಅದಕ್ಕೆ ಮೊದಲು ಎರಡು ಗಂಟೆ ಹೆಚ್ಚು ನೀರು ಕುಡಿಯದೆ. ಬಹುಪಾಲು ಜನ ಎಡವುವುದು ಗೆರೆ ಓದುವಲ್ಲಿ. ಬಸುರಿನ ಕಿಟ್‌ನಲ್ಲಿ ಎರಡನೇ ಗೆರೆ ಮಸುಕಾಗಿದ್ದರೂ ಹೌದೆಂದೇ ಅರ್ಥ. ಇಲ್ಲಿ ಹಾಗಲ್ಲ, ಎಲ್‌ಎಚ್ ದೇಹದಲ್ಲಿ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಲೆಕ್ಕ. ಡಬ್ಬಿಯ ಮೇಲೆ ಹೇಳಿದ ನಿಮಿಷಕ್ಕೆ ನೋಡಿ, ಸಂಜೆ ಕಸದ ಬುಟ್ಟಿಯಿಂದ ಎತ್ತಿ ನೋಡಬೇಡಿ. ಪಿಸಿಒಎಸ್ ಎಂಬ ಅಂಡಾಶಯದ ಹಾರ್ಮೋನು ತೊಂದರೆ ಇದ್ದವರಿಗೆ ಎಲ್‌ಎಚ್ ಮೊದಲೇ ಏರಿರುವುದರಿಂದ ಕಿಟ್ ಸುಳ್ಳು ಹೇಳಬಹುದು.

ಕಾಸಿಲ್ಲದ ಗುರುತೂ ಇದೆ. ಆ ದಿನಗಳಲ್ಲಿ ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾದ, ಎರಡು ಬೆರಳ ನಡುವೆ ನೂಲಿನಂತೆ ಎಳೆಯಬಹುದಾದ ಲೋಳೆ ಬರುತ್ತದೆ. ಇದನ್ನೇ ಬಿಳಿಸೆರಗು ಎಂದುಕೊಂಡು ಮಾತ್ರೆ ನುಂಗುವವರು ಎಷ್ಟು ಜನರೋ! ತುರಿಕೆ, ದುರ್ವಾಸನೆ, ಮೊಸರಿನಂಥ ಗಟ್ಟಿ ಇದ್ದರೆ ಅದು ಬೇರೆ ಮಾತು.

ಈ ಅಜ್ಞಾನಕ್ಕೆ ನಿಮ್ಮೊಬ್ಬರನ್ನೇ ಏಕೆ ಬೈಯಲಿ? ಸೊಸೆ ಯಾವ ಮೂರು ದಿನ 'ಹೊರಗೆ' ಎಂಬುದು ನಮ್ಮಲ್ಲಿ ಪಕ್ಕದ ಮನೆಗೂ ಗೊತ್ತಿರುತ್ತದೆ. ಗೃಹಪ್ರವೇಶಕ್ಕೆ ಅಡ್ಡಬಂದರೆ ಅತ್ತೆಯೇ ನೊರೆಥಿಸ್ಟೆರಾನ್ ಮಾತ್ರೆ ತರಿಸಿ ದಿನಕ್ಕೆ ಮೂರರಂತೆ ಕೊಡಿಸುತ್ತಾರೆ, ಅದೂ ಪ್ರೊಜೆಸ್ಟರಾನಿನ ತಂಗಿಯೇ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು. ಮಗು ಬೇಕೆನ್ನುವ ತಿಂಗಳಲ್ಲಿ ಅದನ್ನು ಮುಟ್ಟಲೇಬೇಡಿ. ಇಷ್ಟೆಲ್ಲ ಎಣಿಸುವ ಮನೆಯಲ್ಲಿ ಮೊಟ್ಟೆಯ ದಿನ ಯಾವುದೆಂದು ಕೇಳಿದರೆ ಯಾರಿಗೂ ತಿಳಿಯದು. ಶಾಲೆಯಲ್ಲೋ, ಆ ಪಾಠ ಬಂದಾಗ 'ಮನೇಲಿ ಓದ್ಕೊಳ್ಳಿ' ಎಂದು ಪುಟ ಮಗುಚಿದ ಮೇಷ್ಟ್ರುಗಳದೇ ರಾಜ್ಯ. ನೆನಪಲ್ಲಿ ಉಳಿದದ್ದು 28 ಮನೆಗಳ ಒಂದು ಚಿತ್ರ, ನಟ್ಟನಡುವೆ 14.

ಇನ್ನೊಂದು ದೂರು ನಿಮ್ಮ ಮೇಲೆಯೇ. ಪತ್ರದಲ್ಲಿ ಹೆಂಡತಿಯ ಪರೀಕ್ಷೆಗಳು ನಾಲ್ಕು, ನಿಮ್ಮದು ಒಂದೂ ಇಲ್ಲ! ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ. ಹಿಂದಿನ ಸ್ಖಲನಕ್ಕೂ ಪರೀಕ್ಷೆಗೂ ಎರಡರಿಂದ ಏಳು ದಿನದ ಅಂತರ ಇಟ್ಟುಕೊಳ್ಳಿ. ವೀರ್ಯವನ್ನು ಡಬ್ಬಿಗೆ ಹಿಡಿಯುವಾಗ ಎಣ್ಣೆ, ಸೋಪು, ಸಾಮಾನ್ಯ ಕಾಂಡೋಮ್ ಬೇಡ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಚೆಲ್ಲಿದರೆ ಚೆಲ್ಲಿತೆಂದು ಲ್ಯಾಬಿನಲ್ಲಿ ಹೇಳಿ. ಮನೆಯಿಂದ ಒಯ್ಯುವುದಾದರೆ ಡಬ್ಬಿ ಅಂಗಿಯೊಳಗೆ ಮೈಬಿಸಿಯಲ್ಲಿರಲಿ, ಒಂದು ಗಂಟೆಯೊಳಗೆ ತಲುಪಲಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವವು ಶೇಕಡಾ 42. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಎರಡು ತಿಂಗಳ ಹಿಂದಿನ ಡೆಂಗಿ ಜ್ವರ ಇಂದಿನ ರಿಪೋರ್ಟಿನಲ್ಲಿ ಕಾಣಿಸಬಹುದು. ಕಡಿಮೆ ಬಂದರೆ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಜಿಮ್‌ನಲ್ಲಿ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಹೊರಗಿನಿಂದ ಬಂದದ್ದನ್ನು ಕಂಡ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸುತ್ತದೆ, ತೋಳು ದಪ್ಪವಾಗುತ್ತದೆ, ವೀರ್ಯಾಣು ಸೊನ್ನೆಗಿಳಿಯುತ್ತದೆ.

ಮಾತ್ರೆಗಳನ್ನು ನನ್ನ ಮಾತು ಕೇಳಿ ಎಸೆಯಬೇಡಿ. ಶುರುಮಾಡುವ ಮುನ್ನ, 35 ದಿನದ ಚಕ್ರಕ್ಕೆ 28ನೇ ದಿನ ರಕ್ತ ಕೊಡಬಹುದೇ ಎಂದು ಅದೇ ವೈದ್ಯರನ್ನು ಕೇಳಿ. ಅಷ್ಟು ಕೇಳುವುದರಿಂದ ಯಾರ ಮರ್ಯಾದೆಯೂ ಹೋಗದು. ಆಗ ಪ್ರೊಜೆಸ್ಟರಾನ್ ಮಿ.ಲೀ.ಗೆ 3 ನ್ಯಾನೊಗ್ರಾಂ ದಾಟಿದರೆ ಮೊಟ್ಟೆ ಬಿಡುಗಡೆಯಾಗಿದೆ. 5 ಬಂತು, ಪಕ್ಕದ ಮನೆಯವರಿಗೆ 15 ಬಂದಿತ್ತು ಎಂದು ಕೊರಗಬೇಡಿ, ಪ್ರೊಜೆಸ್ಟರಾನ್ ಬಿಟ್ಟು ಬಿಟ್ಟು ಸ್ರವಿಸುವುದರಿಂದ ಒಂದೇ ದಿನ ಗಂಟೆ ಗಂಟೆಗೂ ಏರಿಳಿಯುತ್ತದೆ. 3 ದಾಟದಿದ್ದರೆ ವಾರ ಬಿಟ್ಟು ಇನ್ನೊಮ್ಮೆ, ಮುಟ್ಟು ಬರುವವರೆಗೆ. 28ನೇ ದಿನ ಭಾನುವಾರ ಬಿದ್ದು ಲ್ಯಾಬು ಮುಚ್ಚಿದ್ದರೆ ಸೋಮವಾರ ಬೆಳಿಗ್ಗೆ ಹೋಗಿ, ಏನೂ ಕೆಡುವುದಿಲ್ಲ. ನಿಮ್ಮ ಡಬ್ಬಿಯನ್ನೂ ಅದೇ ಕೌಂಟರಿನಲ್ಲಿ ಕೊಟ್ಟು ಬನ್ನಿ.