120 ಕಂಪ್ಯೂಟರ್‌ಗೆ ಒಬ್ಬರೇ ಆಫೀಸ್ ಹಾಕುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಸಂಸ್ಥೆಯಲ್ಲಿ 120 ಕಂಪ್ಯೂಟರ್ ಇವೆ, ಎಲ್ಲವೂ ಒಂದೇ ಡೊಮೇನ್‌ನಲ್ಲಿವೆ (ಅಂದರೆ ಒಂದೇ ಕಡೆಯಿಂದ ನಿಭಾಯಿಸುವ ಜಾಲ), ಐಟಿ ಕೆಲಸಕ್ಕೆ ನೀವೊಬ್ಬರೇ. ಹೊಸದಾಗಿ ತೆಗೆದುಕೊಂಡ ಮೈಕ್ರೋಸಾಫ್ಟ್ 365 ಆಫೀಸ್ ಎಲ್ಲದಕ್ಕೂ ಹಾಕಬೇಕು. ಡೊಮೇನ್‌ನ ಯಂತ್ರಗಳಿಗೆಲ್ಲ ಒಂದೇ ಕಡೆಯಿಂದ ಸೆಟ್ಟಿಂಗ್ ಕೊಡುವ ಗ್ರೂಪ್ ಪಾಲಿಸಿಯ ಸಾಫ್ಟ್‌ವೇರ್ ಇನ್‌ಸ್ಟಾಲೇಶನ್ ಮೆನು ಎಂಎಸ್‌ಐ ಫೈಲ್ (ವಿಂಡೋಸ್‌ನ ಒಂದು ಬಗೆಯ ಇನ್‌ಸ್ಟಾಲ್ ಫೈಲ್) ಕೇಳುತ್ತಿದೆ, ಅದು ಎಲ್ಲೂ ಸಿಗುತ್ತಿಲ್ಲ.

ಸಿಗುವುದೂ ಇಲ್ಲ, ಹುಡುಕಬೇಡಿ. ಎಂಎಸ್‌ಐ ರೂಪದಲ್ಲಿ ಬಂದ ಕೊನೆಯ ಆಫೀಸ್ 2016ರ ವಾಲ್ಯೂಮ್ ಆವೃತ್ತಿ, ಅಂದರೆ ಸಂಸ್ಥೆಗಳಿಗೆ ಒಟ್ಟಾಗಿ ಮಾರುವಂಥದ್ದು. 2019ರಿಂದ ಈಚೆಗೆ ಎಲ್ಲವೂ ಕ್ಲಿಕ್-ಟು-ರನ್, ಅಂದರೆ ಎಂಎಸ್‌ಐ ಬಳಸದ ಬೇರೆ ರೂಪ. ಹಾಗಾಗಿ ಗ್ರೂಪ್ ಪಾಲಿಸಿಯ ಆ ಮೆನುವನ್ನು ಮರೆತುಬಿಡಿ. ಆದರೆ ಗ್ರೂಪ್ ಪಾಲಿಸಿಯನ್ನೇ ಬಿಡಬೇಕಿಲ್ಲ. ಸ್ಟಾರ್ಟಪ್ ಸ್ಕ್ರಿಪ್ಟ್ (ಕಂಪ್ಯೂಟರ್ ಶುರುವಾಗುವಾಗ ತಾನಾಗಿ ಓಡುವ ಆದೇಶಗಳ ಫೈಲ್) ಮೂಲಕ ಕೆಲಸ ಆಗುತ್ತದೆ. ನಿಮ್ಮಲ್ಲಿ ಇನ್‌ಟ್ಯೂನ್ (ಯಂತ್ರಗಳನ್ನು ಇಂಟರ್ನೆಟ್ ಮೂಲಕ ನಿಭಾಯಿಸುವ ಮೈಕ್ರೋಸಾಫ್ಟ್ ಸೇವೆ) ಇದ್ದರೆ ಅದೇ ಸುಲಭ, ಅದರಲ್ಲಿ ಆಫೀಸ್‌ಗೇ ಅಂತ ಒಂದು ಆಯ್ಕೆ ಇದೆ. ಇಲ್ಲ ಅಂದುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ಬೇಕಾಗುವುದು ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್. ಮೈಕ್ರೋಸಾಫ್ಟ್ ಇದನ್ನು ಉಚಿತವಾಗಿ ಕೊಡುತ್ತದೆ. ಒಳಗೆ ಒಂದು ಸೆಟಪ್ ಫೈಲ್, ಮಾದರಿಗೆ ಕೆಲವು ಎಕ್ಸ್‌ಎಂಎಲ್ ಫೈಲ್ (ಸೆಟ್ಟಿಂಗ್ ಬರೆದಿಡುವ ಪಠ್ಯ ಫೈಲ್), ಅಷ್ಟೇ. ಏನು ಹಾಕಬೇಕು, ಏನು ಬಿಡಬೇಕು ಅನ್ನುವುದೆಲ್ಲ ಆ ಎಕ್ಸ್‌ಎಂಎಲ್‌ನಲ್ಲಿ ಇರುತ್ತದೆ. ಕೈಯಲ್ಲಿ ಬರೆಯಲು ಬೇಸರ ಅನ್ನಿಸಿದರೆ ಮೈಕ್ರೋಸಾಫ್ಟ್‌ನ ಆಫೀಸ್ ಕಸ್ಟಮೈಸೇಶನ್ ಟೂಲ್ ಇದೆ, ಬ್ರೌಸರ್‌ನಲ್ಲೇ ಟಿಕ್ ಹಾಕುತ್ತಾ ಹೋದರೆ ಫೈಲ್ ತಯಾರಾಗುತ್ತದೆ. ಮೊದಲು ಸೆಟಪ್ ಅನ್ನು ಡೌನ್‌ಲೋಡ್ ಸ್ವಿಚ್ (ಆದೇಶದ ಜೊತೆ ಬರೆಯುವ ಆಯ್ಕೆ) ಕೊಟ್ಟು ಓಡಿಸಿ, ಫೈಲುಗಳನ್ನು ಸರ್ವರ್‌ನ ಒಂದು ಶೇರ್ ಫೋಲ್ಡರ್‌ಗೆ ಇಳಿಸಿಕೊಳ್ಳಿ. ಆಮೇಲೆ ಪ್ರತಿ ಕಂಪ್ಯೂಟರ್‌ನಲ್ಲೂ ಕಾನ್ಫಿಗರ್ ಸ್ವಿಚ್ ಜೊತೆ ಅದೇ ಸೆಟಪ್ ಓಡಬೇಕು. ಎಕ್ಸ್‌ಎಂಎಲ್‌ನಲ್ಲಿ ಸೋರ್ಸ್ ಪಾತ್ ಜಾಗದಲ್ಲಿ ಆ ಶೇರ್‌ನ ವಿಳಾಸ ಬರೆಯಲು ಮರೆಯಬೇಡಿ. ಇಲ್ಲದಿದ್ದರೆ 120 ಯಂತ್ರಗಳೂ ಒಟ್ಟಿಗೆ ಇಂಟರ್ನೆಟ್‌ನಿಂದ ಎಳೆಯಲು ಶುರು ಮಾಡಬಹುದು. ಆ ಬೆಳಿಗ್ಗೆ ನಿಮ್ಮ ಫೋನ್ ಸುಮ್ಮನಿರುವುದಿಲ್ಲ.

ಇಷ್ಟು ಎಲ್ಲರೂ ಹೇಳುತ್ತಾರೆ. ನಿಜವಾಗಿ ಎಡವುವುದು ಬೇರೆ ಕಡೆ.

ನಾನು ಮೊದಲ ಸಲ ಇದನ್ನು ಮಾಡಿದಾಗ ಸ್ಕ್ರಿಪ್ಟನ್ನು ನನ್ನ ಲಾಗಿನ್‌ನಲ್ಲಿ ಹತ್ತು ಸಲ ಓಡಿಸಿ ನೋಡಿದ್ದೆ. ಹತ್ತು ಸಲವೂ ಸರಿಯಾಗಿತ್ತು. ಪಾಲಿಸಿಗೆ ಹಾಕಿದ ಮೇಲೆ ಒಂದು ಕಂಪ್ಯೂಟರ್‌ನಲ್ಲೂ ಏನೂ ಆಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ತೀರಾ ಸಣ್ಣದು: ಸ್ಟಾರ್ಟಪ್ ಸ್ಕ್ರಿಪ್ಟ್ ಓಡುವುದು ಬಳಕೆದಾರರ ಹೆಸರಿನಲ್ಲಲ್ಲ, ಕಂಪ್ಯೂಟರ್‌ನ ಸ್ವಂತ ಖಾತೆಯಲ್ಲಿ (ಯಂತ್ರದ ಒಳಗೆ ಇದು ಸಿಸ್ಟಮ್ ಖಾತೆ). ಶೇರ್ ಓದುವ ಅನುಮತಿ ನನಗಿತ್ತು, ಕಂಪ್ಯೂಟರ್‌ಗಳಿಗೆ ಇರಲಿಲ್ಲ. ಡೊಮೇನ್ ಕಂಪ್ಯೂಟರ್ಸ್ ಗುಂಪಿಗೆ ಓದುವ ಅನುಮತಿ ಕೊಡಿ. ಶೇರ್ ಅನುಮತಿ, ಫೋಲ್ಡರ್ ಅನುಮತಿ ಎರಡರಲ್ಲೂ ಕೊಡಬೇಕು.

ಇನ್ನೊಂದು, 10 ನಿಮಿಷದ ಗಡುವು. ಗ್ರೂಪ್ ಪಾಲಿಸಿ ಸ್ಕ್ರಿಪ್ಟ್‌ಗೆ ವಿಂಡೋಸ್ ತಾನಾಗಿ ಕೊಡುವ ಸಮಯ 600 ಸೆಕೆಂಡು. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಆಫೀಸ್ ಅಷ್ಟರಲ್ಲಿ ಮುಗಿಯುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಸ್ಕ್ರಿಪ್ಟ್‌ನ ಗರಿಷ್ಠ ಕಾಯುವ ಸಮಯ ಅನ್ನುವ ಸೆಟ್ಟಿಂಗ್ ಪಾಲಿಸಿಯಲ್ಲೇ ಇದೆ, ಅದನ್ನು ಜಾಸ್ತಿ ಮಾಡಿ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ನೋಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದಾಗ ಸ್ಟಾರ್ಟಪ್ ಸ್ಕ್ರಿಪ್ಟ್ ಓಡದೇ ಇರಬಹುದು, ಏಕೆಂದರೆ ವಿಂಡೋಸ್ ಪೂರ್ತಿ ಮುಚ್ಚಿಯೇ ಇರುವುದಿಲ್ಲ. ಎಲ್ಲರಿಗೂ "ರೀಸ್ಟಾರ್ಟ್ ಮಾಡಿ" ಅಂತಲೇ ಹೇಳಿ. "ಆಫ್ ಮಾಡಿ ಆನ್ ಮಾಡಿ" ಅನ್ನಬೇಡಿ.

ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಕ್ಲಿಕ್-ಟು-ರನ್ ಕಾನ್ಫಿಗರೇಶನ್ ಕೀ ನೋಡಿ, ಬೇಕಾದ ಆವೃತ್ತಿ ಆಗಲೇ ಇದ್ದರೆ ಹೊರಬರುವ ಹಾಗೆ ಬರೆಯಿರಿ. ಇಲ್ಲದಿದ್ದರೆ ಪ್ರತಿ ಬೆಳಿಗ್ಗೆ ಸೆಟಪ್ ಎದ್ದು ಕೂರುತ್ತದೆ.

ಹಳೆಯ ಆಫೀಸ್ ತೆಗೆಯುವ ವಿಷಯದಲ್ಲಿ ಸ್ವಲ್ಪ ಹುಷಾರು. ಎಕ್ಸ್‌ಎಂಎಲ್‌ನಲ್ಲಿ ರಿಮೂವ್ ಎಂಎಸ್‌ಐ ಅಂತ ಒಂದು ಸಾಲು ಹಾಕಿದರೆ ಹಳೆಯ ಎಂಎಸ್‌ಐ ಆಫೀಸ್ ತಾನಾಗಿ ಹೋಗುತ್ತದೆ. ಆದರೆ ಅದರ ಜೊತೆ ಅದೇ ರೂಪದ ಹಳೆಯ ವಿಸಿಯೋ (ನಕ್ಷೆ ಬರೆಯುವುದು), ಪ್ರಾಜೆಕ್ಟ್ (ಯೋಜನೆ ನಿಭಾಯಿಸುವುದು) ಕೂಡ ಹೋಗುತ್ತವೆ! ಅವು ಉಳಿಯಬೇಕು ಅಂದರೆ ಇಗ್ನೋರ್ ಪ್ರಾಡಕ್ಟ್ ಅಂತ ಬಿಡಿಸಿ ಹೇಳಬೇಕು. ಈಗಾಗಲೇ ಕ್ಲಿಕ್-ಟು-ರನ್ ರೂಪದ ಹಳೆಯ ಆಫೀಸ್ ಇದ್ದರೆ ಈ ಸಾಲು ಅದನ್ನು ಮುಟ್ಟುವುದಿಲ್ಲ, ಅದಕ್ಕೆ ಬೇರೆಯೇ ರಿಮೂವ್ ಸಾಲು ಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಆಫೀಸ್‌ನ ಎರಡು ರೂಪಗಳಲ್ಲಿ 32 ಬಿಟ್ಟೋ 64 ಬಿಟ್ಟೋ ಅನ್ನುವುದು. ಒಂದೇ ಯಂತ್ರದಲ್ಲಿ ಎರಡನ್ನೂ ಬೆರೆಸಲು ಬರುವುದಿಲ್ಲ. ಹೊಸದಾಗಿ ಹಾಕುವಾಗ 64 ಬಿಟ್ಟೇ ಸರಿ, ನಾನೂ ಅದನ್ನೇ ಹಾಕಿದೆ. ಮರುದಿನ ಲೆಕ್ಕಪತ್ರ ವಿಭಾಗದ ಎಕ್ಸೆಲ್ ಫೈಲ್ ತೆರೆಯಿತು, ಮ್ಯಾಕ್ರೋ (ಫೈಲಿನೊಳಗೇ ಬರೆದಿಟ್ಟ ಚಿಕ್ಕ ಪ್ರೋಗ್ರಾಮ್) ಓಡಲಿಲ್ಲ. ಯಾರೋ ಎಷ್ಟೋ ವರ್ಷದ ಹಿಂದೆ ಬರೆದಿಟ್ಟ ಕೋಡ್ ಅದು. ಅದರಲ್ಲಿ ವಿಂಡೋಸ್‌ನ ಫಂಕ್ಷನ್ ಕರೆಯುವ ಡಿಕ್ಲೇರ್ ಸಾಲುಗಳಿದ್ದವು. 64 ಬಿಟ್‌ನಲ್ಲಿ ಅವಕ್ಕೆ ಪಿಟಿಆರ್‌ಸೇಫ್ ಅನ್ನುವ ಪದ ಸೇರಿಸಲೇಬೇಕು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ತಿಂಗಳ ಕೊನೆ ಬೇರೆ. ಆ ವಿಭಾಗದ ನಾಲ್ಕು ಯಂತ್ರಕ್ಕೆ ಪೂರ್ತಿ ತೆಗೆದು 32 ಬಿಟ್ ಹಾಕಿಕೊಟ್ಟೆ, ಆಮೇಲೆ ನಿಧಾನವಾಗಿ ಕೋಡ್ ಸರಿಮಾಡಿದೆವು. ಅದಕ್ಕೇ ಹೇಳುತ್ತೇನೆ, ಸೆಟಪ್ ಮುಟ್ಟುವ ಮೊದಲು ಪ್ರತಿ ವಿಭಾಗಕ್ಕೂ ಹೋಗಿ. "ದಿನಾ ತೆರೆಯುವ ಫೈಲ್ ಯಾವುದು, ಅದರಲ್ಲಿ ಯಾವ ಬಟನ್ ಒತ್ತುತ್ತೀರಿ" ಅಂತ ಕೇಳಿ. "ಮ್ಯಾಕ್ರೋ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಬಟನ್ ಅಂದರೆ ತೋರಿಸುತ್ತಾರೆ. ಎಕ್ಸೆಲ್ ಆಡ್-ಇನ್, 32 ಬಿಟ್ ಡೇಟಾಬೇಸ್ ಡ್ರೈವರ್‌ಗಳನ್ನೂ ಇದೇ ಹೊತ್ತಿಗೆ ಬರೆದಿಟ್ಟುಕೊಳ್ಳಿ.

ಆಮೇಲೆ ಪ್ರತಿ ವಿಭಾಗದಿಂದ ಒಂದೊಂದು ಕಂಪ್ಯೂಟರ್ ಆರಿಸಿ ಒಂದು ಗುಂಪು ಮಾಡಿ, ಪಾಲಿಸಿಯನ್ನು ಮೊದಲು ಆ ಗುಂಪಿಗೆ ಮಾತ್ರ ಕೊಡಿ. ಐಟಿಯವರ ಯಂತ್ರದಲ್ಲೇ ಪರೀಕ್ಷೆ ಮಾಡಿ ಆಯಿತು ಅನ್ನಬೇಡಿ, ನಮ್ಮ ಯಂತ್ರದಲ್ಲಿ ಎಲ್ಲವೂ ಓಡುತ್ತದೆ ಅಲ್ವಾ! ಒಂದು ವಾರ ಬಿಡಿ. ದೂರು ಬರದಿದ್ದರೆ ಇಪ್ಪತ್ತಿಪ್ಪತ್ತರ ಹಾಗೆ ಮುಂದೆ ಹೋಗಿ.

ಉಳಿದದ್ದು ಚಿಕ್ಕ ವಿಷಯ. ಅಪ್‌ಡೇಟ್ ಚಾನೆಲ್‌ಗೆ (ಹೊಸ ಅಪ್‌ಡೇಟ್ ಎಷ್ಟು ಬೇಗ ಬರಬೇಕು ಅನ್ನುವ ಆಯ್ಕೆ) ನನ್ನ ಮತ ಮಂತ್ಲಿ ಎಂಟರ್‌ಪ್ರೈಸ್. ತಿಂಗಳಿಗೊಮ್ಮೆ, ಗೊತ್ತಾದ ದಿನಕ್ಕೆ ಬರುತ್ತದೆ. ಕರೆಂಟ್ ಚಾನೆಲ್‌ನಲ್ಲಿ ಹೊಸದು ಯಾವಾಗ ಬರುತ್ತದೋ ಹೇಳಲಾಗದು. ಎಕ್ಸ್‌ಎಂಎಲ್‌ನಲ್ಲಿ ಡಿಸ್‌ಪ್ಲೇ ಲೆವೆಲ್ "ನನ್" (None) ಇಡಿ, ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ, ಒಪ್ಪಂದಕ್ಕೆ ಒಪ್ಪಿಗೆಯ ಆಯ್ಕೆ ಟ್ರೂ ಇರಲಿ. ಒಂದೇ ಯಂತ್ರವನ್ನು ಪಾಳಿಯಲ್ಲಿ ಹಲವರು ಬಳಸುವುದಾದರೆ ಶೇರ್ಡ್ ಕಂಪ್ಯೂಟರ್ ಲೈಸೆನ್ಸಿಂಗ್ ಆನ್ ಮಾಡಿ. ಕನ್ನಡ ಮೆನು ಬೇಕು ಅನ್ನುವವರಿದ್ದರೆ ಭಾಷೆಯ ಪಟ್ಟಿಯಲ್ಲಿ ಮೊದಲು ಇಂಗ್ಲಿಷ್, ಆಮೇಲೆ ಕನ್ನಡ ಸೇರಿಸಿ. ತೆರೆದಿರುವ ಆಫೀಸ್ ಅಪ್ಲಿಕೇಶನ್‌ಗಳನ್ನು ಬಲವಂತವಾಗಿ ಮುಚ್ಚುವ ಆಯ್ಕೆಯನ್ನು ಹಗಲು ಹೊತ್ತಿನಲ್ಲಿ ಬಳಸಲೇಬೇಡಿ, ಸೇವ್ ಮಾಡದ ಕೆಲಸ ಹೋಗುತ್ತದೆ. ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಆ ಗೊಡವೆ ಕಡಿಮೆ, ಅಷ್ಟು ಹೊತ್ತಿಗೆ ಯಾರೂ ಲಾಗಿನ್ ಆಗಿರುವುದಿಲ್ಲ.

ಎಲ್ಲಾದರೂ ನಿಂತರೆ ಲಾಗ್ (ಸೆಟಪ್ ಏನೇನು ಮಾಡಿತು ಅನ್ನುವ ದಾಖಲೆ ಫೈಲ್) ನೋಡಿ. ಸ್ಕ್ರಿಪ್ಟ್ ಸಿಸ್ಟಮ್ ಖಾತೆಯಲ್ಲಿ ಓಡುವುದರಿಂದ ಲಾಗ್ ನಿಮ್ಮ ಟೆಂಪ್ ಫೋಲ್ಡರ್‌ನಲ್ಲಿ ಇರುವುದಿಲ್ಲ, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಟೆಂಪ್‌ನಲ್ಲಿರುತ್ತದೆ. ಫೈಲಿನ ಹೆಸರು ಕಂಪ್ಯೂಟರ್ ಹೆಸರಿನಿಂದ ಶುರುವಾಗುತ್ತದೆ, ಪಕ್ಕದಲ್ಲಿ ದಿನಾಂಕ. ಅರ್ಥ ಆಗದಿದ್ದರೆ ಅದರ ಕೊನೆಯ ಹತ್ತಿಪ್ಪತ್ತು ಸಾಲನ್ನು ಕೆಳಗೆ ಹಾಕಿ, ನೋಡೋಣ.