ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ ಮೇಲಿನ ಮೊದಲ ದವಡೆ ಹಲ್ಲು ಮತ್ತೆ ನೋಯುತ್ತಿದೆ. ಆ ಒಂದೇ ಹಲ್ಲಿನ ಬೇರುಗಳೊಳಗೆ ಒಬ್ಬ ಡಾಕ್ಟರು ಮೂರು ನಾಳ ಎಂದರು, ಇನ್ನೊಬ್ಬರು ನಾಲ್ಕು ಎನ್ನುತ್ತಾರೆ. ಯಾರು ಸುಳ್ಳು ಹೇಳುತ್ತಿದ್ದಾರೆ? ಕೀಳಿಸಿಬಿಡಲೇ?

ಕೀಳಿಸಬೇಡಿ. ನಾನು ಕೀಳಿಸಿ ಕೂತವನು.

ನನ್ನದೂ ಮೇಲಿನ ಮೊದಲ ದವಡೆ ಹಲ್ಲೇ. ರೂಟ್ ಕೆನಾಲ್ ಆಯಿತು, ಕ್ಯಾಪ್ ಕೂತಿತು, ಕೆಲವು ತಿಂಗಳು ಅದನ್ನು ಮರೆತೇ ಬಿಟ್ಟಿದ್ದೆ. ಆಮೇಲೆ ಚಕ್ಕುಲಿ ಕಡಿದರೆ ಒಳಗೆಲ್ಲೋ ಮಂದ ನೋವು. ಒಸಡಿನ ಮೇಲೆ ಆಗಾಗ ಕೀವುಗುಳ್ಳೆ ಎದ್ದು ತಾನೇ ಒಡೆಯುತ್ತಿತ್ತು. ಎಕ್ಸ್‌ರೇಯಲ್ಲಿ ನೋಡಿದರೆ ಮೂರು ಬೇರುಗಳಲ್ಲೂ ತುದಿಯವರೆಗೆ ಬೆಳ್ಳಗೆ ಗಟ್ಟಾಪರ್ಚಾ, ಅಂದರೆ ನಾಳಕ್ಕೆ ತುಂಬುವ ರಬ್ಬರಿನಂಥ ವಸ್ತು. ನಾಳಗಳೆಲ್ಲ ತುಂಬಿವೆ, ಹಾಗಾದರೆ ಬೇರು ಬಿರುಕು ಬಿಟ್ಟಿರಬೇಕು ಎಂದು ತೀರ್ಮಾನವಾಯಿತು. ಕೀಳಿಸಲು ಒಪ್ಪಿ ತಲೆಯಾಡಿಸಿದೆ.

ಎಲ್ಲ ಕೆಟ್ಟದ್ದು ಆ ಒಂದೇ ಎಕ್ಸ್‌ರೇಯನ್ನು ನಂಬಿದ್ದರಿಂದ. ಬೇಸರವಾದರೂ ಓದಿ. ಈ ಹಲ್ಲಿಗೆ ಸಾಮಾನ್ಯವಾಗಿ ಕೆನ್ನೆಯ ಕಡೆ ಎರಡು, ಅಂಗುಳದ ಕಡೆ ಒಂದು ಬೇರು. ಕೆನ್ನೆ ಕಡೆಯ ಎರಡರಲ್ಲಿ ಮುಂದಿನದು ಚಪ್ಪಟೆ. ಕೆನ್ನೆಯಿಂದ ಅಂಗುಳದತ್ತ ಅಗಲ. ಆ ಅಗಲದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ನಾಳ ಇರುತ್ತವೆ. ಎರಡನೆಯದಕ್ಕೆ ದಂತವೈದ್ಯರು ಎಂಬಿ2 ಎನ್ನುತ್ತಾರೆ. ಅದು ಇರುವುದು ಮೊದಲನೆಯದರ ಬೆನ್ನ ಹಿಂದೆ. ಕಿರಣ ಕೆನ್ನೆಯ ಕಡೆಯಿಂದ ನೇರವಾಗಿ ಬಂದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಮುಂದಿನ ನಾಳಕ್ಕೆ ತುಂಬಿದ ಬಿಳಿ ಹಿಂದಿನ ಖಾಲಿಯನ್ನು ಮುಚ್ಚಿಬಿಡುತ್ತದೆ. ಸ್ವಲ್ಪ ಓರೆಯಿಂದ ಇನ್ನೊಂದು ಚಿತ್ರ ತೆಗೆದಿದ್ದರೆ, ತುಂಬಿದ ಗೆರೆ ಬೇರಿನ ನಡುವಿನಲ್ಲಿಲ್ಲ, ಪಕ್ಕಕ್ಕೆ ಸರಿದಿದೆ ಎಂಬ ಸುಳಿವಾದರೂ ಸಿಗುತ್ತಿತ್ತು. ಯಾರೂ ತೆಗೆಯಲಿಲ್ಲ. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಕಿತ್ತ ಹಲ್ಲನ್ನು ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದೆ. ಬಿಡಿಎಸ್ ಓದುತ್ತಿದ್ದ ಅಕ್ಕನ ಮಗಳು ರಜೆಗೆ ಬಂದಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾವ, ಬಿರುಕು ಎಲ್ಲಿದೆ?" ಎಂದಳು. ಕಾಲೇಜಿಗೆ ಒಯ್ದು ಆ ಚಪ್ಪಟೆ ಬೇರನ್ನು ಅಡ್ಡಲಾಗಿ ಕತ್ತರಿಸಿ ಫೋಟೊ ಕಳಿಸಿದಳು. ಒಂದು ಕೊನೆಯಲ್ಲಿ ಗುಲಾಬಿ ಬಣ್ಣದ ಗಟ್ಟಾಪರ್ಚಾ ಚುಕ್ಕೆ. ಪಕ್ಕದಲ್ಲೇ, ಸೂಜಿಮೊನೆಯಷ್ಟು ಕಪ್ಪು ರಂಧ್ರ. ಅದರೊಳಕ್ಕೆ ಯಾರೂ ಹೋಗಿರಲೇ ಇಲ್ಲ. ಇಂಪ್ಲಾಂಟಿಗೆ ಸುರಿದ ದುಡ್ಡು ಬೇರೆ ಮಾತು.

ಇನ್ನು ಸುಳ್ಳಿನ ಪ್ರಶ್ನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀವು ಕೇಳುತ್ತಿರುವುದೇ ತಪ್ಪು ಪ್ರಶ್ನೆ. ನಾಲ್ಕನೆಯ ನಾಳದ ಬಾಯಿ ಎನಾಮಲ್ಲಿನ ಒಳಗಿನ ಗಟ್ಟಿ ಪದರವಾದ ಡೆಂಟಿನ್ನಿನ ಅಂಚಿನ ಕೆಳಗೆ ಅಡಗಿರುತ್ತದೆ, ಬರಿಗಣ್ಣಿಗೆ ತಪ್ಪುವುದು ಸಹಜ. ಮೂರು ಎನ್ನುವುದು ಬೇರುಗಳ ಲೆಕ್ಕ, ನಾಳಗಳ ಲೆಕ್ಕವಲ್ಲ. ಜ್ಯೂರಿಕ್‌ನ ದಂತವೈದ್ಯ ವಾಲ್ಟರ್ ಹೆಸ್ ಕಿತ್ತ ಹಲ್ಲುಗಳ ನಾಳಗಳಿಗೆ ರಬ್ಬರ್ ತುಂಬಿ ಅಚ್ಚು ತೆಗೆದು ಅವುಗಳ ಕವಲುಗಳನ್ನು ತೋರಿಸಿ ನೂರು ವರ್ಷವಾಯಿತು. 1984ರಲ್ಲಿ ಅಮೆರಿಕದ ದಂತವೈದ್ಯ ವರ್ಟುಚಿ, ಒಂದೇ ಬೇರಿನೊಳಗೆ ನಾಳ ಒಡೆದು ಕೂಡುವ ಎಂಟು ಬಗೆಗಳನ್ನು ವಿಂಗಡಿಸಿದರು. 

ಈಗ ಎಂಡೊಡಾಂಟಿಸ್ಟ್, ಅಂದರೆ ರೂಟ್ ಕೆನಾಲ್ ತಜ್ಞರು, ಒಬ್ಬರ ಬಳಿ ಹೋಗಿ. ಮೈಕ್ರೋಸ್ಕೋಪ್ ಇಟ್ಟುಕೊಂಡಿದ್ದಾರೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ, ಸಂಕೋಚ ಬೇಡ. ಆ ಹಲ್ಲಿನ ಭಾಗಕ್ಕೆ ಮಾತ್ರ ಸಿಬಿಸಿಟಿ, ಅಂದರೆ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್, ಮಾಡಿಸಿ. ಇಡೀ ದವಡೆಯದ್ದು ಬೇಕಿಲ್ಲ. ಬಿರುಕು ನಿಜವಾಗಿಯೂ ಬೇರಿನ ಉದ್ದಕ್ಕೂ ಇಳಿದಿದ್ದರೆ ಮಾತ್ರ ಕೀಳಿಸುವ ಮಾತು. ಕ್ಯಾಪಿಗೆ ಕೊಟ್ಟ ದುಡ್ಡು ಹೋಯಿತು ಎಂಬ ಚಿಂತೆಯಿದ್ದರೆ, ಎಷ್ಟೋ ಸಲ ಅದನ್ನು ತೆಗೆಯದೆ, ಅದರಲ್ಲೇ ರಂಧ್ರ ಕೊರೆದು ಒಳಗೆ ಹೋಗುತ್ತಾರೆ.