ಮಧ್ಯಾಹ್ನವೇ ಸ್ಟಾರ್ಟರ್ ಟ್ರಿಪ್ ಆಗುವುದೇಕೆ?

ಪ್ರಶ್ನೆ: ಹಳ್ಳದ ದಂಡೆಯ ನಮ್ಮ 5 ಎಚ್‌ಪಿ ಮೋಟಾರು ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಬಿಸಿಲೇರಿದ ಮೇಲೆ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ತಕ್ಷಣ ರಿಸೆಟ್ ಒತ್ತಿದರೆ ಹಿಡಿಯುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಹಿಡಿಯುತ್ತದೆ. ಪಕ್ಕದ ಹೊಲದವರು ರಿಲೇ ತೆಗೆಸಿ ಡೈರೆಕ್ಟ್ ಕೊಡಿಸಿ ಅಂತಾರೆ. ಕೊಡಿಸಲೇ?
– ಓದುಗರು, ಸಿಂಧನೂರು ತಾಲೂಕು

ಉತ್ತರ: ಬೇಡವೇ ಬೇಡ. ರಿಲೇ ಅಂದರೆ ಮೋಟಾರು ಸುಡುವ ಮೊದಲೇ ಕರೆಂಟು ತಪ್ಪಿಸಲು ಸ್ಟಾರ್ಟರಿನಲ್ಲಿ ಇರುವ ಕಾವಲುಗಾರ; ನಿಮ್ಮದು ಬಹುಮಟ್ಟಿಗೆ ತನ್ನ ಕೆಲಸವನ್ನೇ ಮಾಡುತ್ತಿದೆ. ಅದಕ್ಕೆ ಆಂಪಿಯರ್ ಎಣಿಸಲು ಬರುವುದಿಲ್ಲ, ತಿಳಿಯುವುದು ಕಾವು ಮಾತ್ರ.

ಒಳಗೆ ಫೇಸಿಗೊಂದರಂತೆ ಮೂರು ಬೈಮೆಟಲ್ ಪಟ್ಟಿಗಳಿವೆ. ಒಂದು ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗುವ ಎರಡು ಲೋಹದ ತಗಡುಗಳನ್ನು ಬಿಡಿಸಲಾಗದಂತೆ ಬೆಸೆದ ಪಟ್ಟಿ ಅದು. ಹಿತ್ತಾಳೆ-ಉಕ್ಕಿನ ಜೋಡಿಯನ್ನೇ ನೋಡಿ. 10 ಸೆಂಟಿಮೀಟರ್ ಪಟ್ಟಿಗೆ 60 ಡಿಗ್ರಿ ಕಾವೇರಿದರೆ ಉಕ್ಕಿಗಿಂತ ಹಿತ್ತಾಳೆ ಹೆಚ್ಚು ಹಿಗ್ಗುವುದು ಸುಮಾರು 0.04 ಮಿಲಿಮೀಟರ್, ಕಣ್ಣಿಗೆ ಕಾಣದಷ್ಟು. ಆದರೆ ಬಲಗಡೆ ಎತ್ತು ಬಿರುಸಾದರೆ ಬಂಡಿ ಎಡಕ್ಕೆ ತಿರುಗುವ ಹಾಗೆ ಪಟ್ಟಿ ಉಕ್ಕಿನ ಕಡೆ ಬಾಗುತ್ತದೆ. ಒಟ್ಟು ದಪ್ಪ 1 ಮಿಲಿಮೀಟರ್ ಇದ್ದರೆ ತುದಿ ಸುಮಾರು 3 ಮಿಲಿಮೀಟರ್ ಸರಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಟಕ್ ಎಂದು ಆರುವುದೂ ಇದರಿಂದಲೇ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರ ಸೆಕೆಗೆ ತಪ್ಪು ಹೊತ್ತು ತೋರಿಸದಿರಲೆಂದು ಇಂಥದೇ ಪಟ್ಟಿ ಹಾಕಿದ್ದ.

ರಿಲೇಯಲ್ಲಿ ಮೋಟಾರಿನ ಕರೆಂಟೇ ಪಟ್ಟಿಯನ್ನು ಕಾಯಿಸುತ್ತದೆ. ಮಿತಿ ಮೀರಿತೋ, ಬಾಗಿದ ಪಟ್ಟಿ ಒಂದು ಸಣ್ಣ ಪ್ಲಾಸ್ಟಿಕ್ ಪಟ್ಟಿಯನ್ನು ತಳ್ಳುತ್ತದೆ, ಸ್ಟಾರ್ಟರನ್ನು ಹಿಡಿದಿಡುವ ಕಾಯಿಲಿನ ಕರೆಂಟು ತಪ್ಪಿ ಸ್ಟಾರ್ಟರ್ ಬಿಡುತ್ತದೆ. ಪಟ್ಟಿ ಆರಿ ನೆಟ್ಟಗಾಗುವ ತನಕ ರಿಸೆಟ್ ಹೇಗೆ ಕೂತೀತು?

ಈಗ ಮಧ್ಯಾಹ್ನದ ಮಾತು. ನಮ್ಮ ರಾಯಚೂರು ಕಡೆಯ ಬಿಸಿಲು ನಿಮಗೆ ಹೇಳಬೇಕಿಲ್ಲ. ಪಡುವಣಕ್ಕೆ ಮುಖ ಮಾಡಿದ ತಗಡಿನ ಡಬ್ಬಿಯೊಳಗೆ ಪಟ್ಟಿ ಮೊದಲೇ ಅರ್ಧ ಬಾಗಿರುತ್ತದೆ. ಒಳ್ಳೆಯ ರಿಲೇಗಳಲ್ಲಿ ಹೊರಗಿನ ಕಾವನ್ನು ಸರಿದೂಗಿಸಲು ಇನ್ನೊಂದು ಪಟ್ಟಿ ಇರುತ್ತದೆ, ಅಗ್ಗದವುಗಳಲ್ಲಿ ಬಹಳಷ್ಟಕ್ಕೆ ಇರುವುದಿಲ್ಲ. ವೋಲ್ಟೇಜ್ ಇಳಿದರೂ ಅಷ್ಟೇ ನೀರೆತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಒಂದು ಫೇಸ್ ಹೋದರಂತೂ ಉಳಿದೆರಡರ ಮೇಲೆ ಪೂರ್ತಿ ಭಾರ. ಡೈರೆಕ್ಟ್ ಕೊಟ್ಟು, ಹೀಗೆ ಒಂದು ಫೇಸ್ ಹೋಗಿ ಸುಟ್ಟ ಮೋಟಾರು ನಮ್ಮ ವೈಂಡಿಂಗ್ ಅಂಗಡಿಗೆ ಬಂದರೆ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ: ಮೂರೂ ಸುತ್ತಿನ ಒಂದೊಂದು ತುದಿಯನ್ನು ಒಂದೆಡೆ ಸೇರಿಸಿದ ಸ್ಟಾರ್ ಜೋಡಣೆಯದಾದರೆ ಎರಡು ಫೇಸಿನ ಸುತ್ತು ಇದ್ದಿಲು, ಮೂರನೆಯದು ಹೊಸ ತಾಮ್ರದ ಬಣ್ಣ. ಆ ಖರ್ಚಿನ ಮುಂದೆ ರಿಲೇಯ ಬೆಲೆ ಏನೂ ಅಲ್ಲ.

ಮೊದಲು ಡಬ್ಬಿಯನ್ನು ಬೇವಿನ ಗಿಡದ ನೆರಳಿಗೋ ಮೂಡಣ ಗೋಡೆಗೋ ಸರಿಸಿ. ಆಮೇಲೆ ಮಧ್ಯಾಹ್ನವೇ ಮೆಕ್ಯಾನಿಕ್‌ನನ್ನು ಕರೆದು ಕ್ಲ್ಯಾಂಪ್ ಮೀಟರಿನಿಂದ ಮೂರೂ ಫೇಸಿನ ಆಂಪಿಯರ್ ಅಳೆಸಿ, ಮೋಟಾರಿನ ಪ್ಲೇಟಿನ ಮೇಲಿನ ಅಂಕಿಗೆ ಹೋಲಿಸಿ. ಹೆಚ್ಚಿದ್ದರೆ ಪಂಪೋ ಬೇರಿಂಗೋ ಲೈನೋ ನೋಡಿಸಬೇಕು. ಮೂರೂ ಸಮನಾಗಿ, ಪ್ಲೇಟಿನ ಅಂಕಿಯೊಳಗೇ ಇದ್ದು, ರಿಲೇ ಸೆಟ್ಟಿಂಗೂ ಅದಕ್ಕೆ ಸರಿಯಾಗಿದ್ದು, ನೆರಳಿನಲ್ಲೂ ಟ್ರಿಪ್ ಆದರೆ ಆಗ ರಿಲೇ ಬದಲಿಸಿ, ಅದೇ ರೇಂಜಿನದನ್ನೇ ತನ್ನಿ.